ಒಣಗಿದ ಜೋಳಕ್ಕೆ ‘ಹಸಿ’ ಅಂದ ಮೀಟರು

ಮಕ್ಕಳೇ, ನಾಳೆ ಶಾಲೆಗೆ ಹೋಗುವಾಗ ಒಮ್ಮೆ ತಲೆ ಎತ್ತಿ ಕರೆಂಟು ಕಂಬದ ತುದಿ ನೋಡಿ. ತಂತಿ ನೇರವಾಗಿ ಕಬ್ಬಿಣದ ಪಟ್ಟಿಯ ಮೇಲೆ ಕೂತಿರುವುದಿಲ್ಲ. ನಡುವೆ ಕಂದು ಅಥವಾ ಬಿಳಿ ಬಣ್ಣದ ಪಿಂಗಾಣಿ ಇರುತ್ತದೆ. ಒಂದರ ಮೇಲೊಂದು ಪುಟ್ಟ ಕೊಡೆಗಳನ್ನು ಬಿಚ್ಚಿಟ್ಟ ಹಾಗೆ ಅದರ ಆಕಾರ. ಸುಮ್ಮನೆ ಒಂದು ಪಿಂಗಾಣಿ ಗುಂಡು ಇಟ್ಟಿದ್ದರೆ ಸಾಲದಿತ್ತೇ? ಈ ಕೊಡೆಗಳ ಸೊಗಸು ಯಾರಿಗಾಗಿ?

ಸೊಗಸಿಗಲ್ಲ. ಪಿಂಗಾಣಿಯ ಒಳಗಿನಿಂದ ಕರೆಂಟು ಹರಿಯದು, ನಿಜ. ಆದರೆ ಕಳ್ಳ ಯಾವಾಗಲೂ ಗೋಡೆ ಒಡೆದೇ ಬರಬೇಕೆಂದಿಲ್ಲ, ಗೋಡೆ ಹತ್ತಿಯೂ ಬರಬಹುದು. ಬೇಸಿಗೆಯಿಡೀ ರಸ್ತೆಯ ಧೂಳು, ಹೊಲದ ಮಣ್ಣು, ಹೊಗೆಯ ಮಸಿ ಪಿಂಗಾಣಿಯ ಮೈಮೇಲೆ ಕೂತಿರುತ್ತವೆ. ಒಣಗಿರುವ ತನಕ ತೊಂದರೆಯಿಲ್ಲ. ಮೊದಲ ತುಂತುರು ಬಿದ್ದಾಗ, ಇಲ್ಲವೇ ಮುಂಜಾನೆ ಇಬ್ಬನಿ ಕವಿದಾಗ ಆ ಧೂಳಿನಲ್ಲಿರುವ ಉಪ್ಪಿನಂಶ ನೀರಲ್ಲಿ ಕರಗಿ ಒಂದು ತೆಳ್ಳನೆಯ ಹಾದಿ ಆಗುತ್ತದೆ. ಕರೆಂಟು ಆ ಹಾದಿ ಹಿಡಿದು ಕಂಬಕ್ಕೆ ಇಳಿಯುತ್ತದೆ. ಜೋರು ಮಳೆ ಬಂದರೆ ಧೂಳೇ ತೊಳೆದುಹೋಗುತ್ತದೆ, ಹಾಗಾಗಿ ಸೋನೆಗಿಂತ ಜಡಿಮಳೆಯೇ ವಾಸಿ. ಕೊಡೆಯಾಕಾರದಿಂದ ಎರಡು ಲಾಭ: ಹತ್ತಿ ಇಳಿಯುವ ಹಾದಿ ಉದ್ದವಾಗುತ್ತದೆ, ಕೊಡೆಯ ಕೆಳಗಿನ ಭಾಗ ಒಣಗಿಯೇ ಉಳಿಯುತ್ತದೆ.

ಕನ್ನಡ ನಾಡಿಗೆ ಈ ಪಾಠ ಹಳೆಯದು. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಅದು ಜಗತ್ತಿನಲ್ಲೇ ಬಹಳ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಅಷ್ಟು ದೂರ, ಅಷ್ಟೊಂದು ಕಂಬ, ಒಂದೊಂದು ಕಂಬಕ್ಕೂ ಪಿಂಗಾಣಿ. ಎಲ್ಲೋ ಒಂದು ಕಡೆ ಕೊಳೆ ಕೂತು ಸೋರಿದರೂ ಗಣಿಯಲ್ಲಿ ಯಂತ್ರ ನಿಲ್ಲುವ ಭಯ. ಇಂದಿಗೂ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಕಡೆ ಇನ್ಸುಲೇಟರುಗಳನ್ನು ಬೇಕೆಂದೇ ಕೊಳೆ ಮಾಡಿ, ಒದ್ದೆ ಮಾಡಿ ಪರೀಕ್ಷಿಸುತ್ತಾರೆ. ತೊಳೆದು ಇಟ್ಟ ಪಿಂಗಾಣಿ ಯಾರ ಕೈಯಲ್ಲಾದರೂ ಪಾಸಾಗುತ್ತದಲ್ಲವೇ?

ನಾನು ಕಂಬ ಹತ್ತುವವನಲ್ಲ. ಸವಳಂಗದಲ್ಲಿ ಸಣ್ಣದೊಂದು ರಿಪೇರಿ ಅಂಗಡಿ ನನ್ನದು. ಬೋರ್‌ವೆಲ್ ಸ್ಟಾರ್ಟರಿನ ಬೋರ್ಡು, ತೂಕದ ಯಂತ್ರ, ಸೌರ ಬೇಲಿಯ ಪೆಟ್ಟಿಗೆ, ಭದ್ರಾವತಿ ಆಕಾಶವಾಣಿ ಬಿಟ್ಟು ಬೇರೆ ಕೇಳದ ಅಜ್ಜಂದಿರ ರೇಡಿಯೊ, ಇವೇ ನನ್ನ ನೆಂಟರು. ಕಂಬದ ಮೇಲಿನ ಪಿಂಗಾಣಿಯ ಕತೆಯೇ ನನ್ನ ಮೇಜಿನ ಮೇಲೂ ನಡೆಯುತ್ತದೆ, ಅಂಗೈಯಗಲದ ಹಸಿರು ಬೋರ್ಡಿನಲ್ಲಿ. ಅಲ್ಲಿ ತಂತಿಯ ಬದಲು ತಾಮ್ರದ ಗೆರೆಗಳು. ಎರಡು ಗೆರೆಗಳ ನಡುವಿನ ಅಂತರ ಎಷ್ಟೋ ಕಡೆ ಅರ್ಧ ಮಿಲಿಮೀಟರಿಗೂ ಕಡಿಮೆ. ಅಲ್ಲಿ ಕೊಡೆ ಬಿಚ್ಚಿಡಲು ಜಾಗವೆಲ್ಲಿ?

ಸವಳಂಗ ಇರುವ ಜಾಗವೂ ಹಾಗೆ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವವರಿಗೆ ನಮ್ಮೂರು ಗೊತ್ತು, ಶಿವಮೊಗ್ಗದಲ್ಲಿ ನಮ್ಮೂರ ಹೆಸರಿನ ರಸ್ತೆಯೇ ಇದೆ. ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಬಯಲುಸೀಮೆ. ಬೇಸಿಗೆಯಲ್ಲಿ ಬಯಲಿನ ಧೂಳು, ಮಳೆಗಾಲದಲ್ಲಿ ಮಲೆನಾಡಿನ ತಂಡಿ. ಬೋರ್ಡಿಗೆ ಎರಡೂ ಸಿಕ್ಕುತ್ತವೆ.

ಗೋವಿನಜೋಳದ ಅಜ್ಜ

ನಮ್ಮ ನ್ಯಾಮತಿ, ಹೊನ್ನಾಳಿ ಸೀಮೆಯಲ್ಲಿ ಮೆಕ್ಕೆಜೋಳ ಎಂದರೆ ಮನೆ ನಡೆಸುವ ಬೆಳೆ. ಗೋವಿನಜೋಳ ಅಂತಲೂ ಕರೆಯುತ್ತೇವೆ. ಕಟಾವಾದ ಮೇಲೆ ಕಣದಲ್ಲೋ, ಕಣ ಇಲ್ಲದವರು ರಸ್ತೆಯಂಚಿನಲ್ಲೋ ಹರವಿ ಒಣಗಿಸುತ್ತಾರೆ. ಮಾರುವಾಗ ಮೊದಲು ನೋಡುವುದೇ ತೇವಾಂಶ. ಸರ್ಕಾರಿ ಖರೀದಿಯಲ್ಲಿ ತೇವ ಶೇಕಡಾ 14ರೊಳಗೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಜೋಳ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಖಾಸಗಿ ವ್ಯಾಪಾರಿಗಳೂ ತೇವ ನೋಡಿಯೇ ದರ ಇಳಿಸುತ್ತಾರೆ. ಹಿಂದೆ ಕಾಳು ಕಡಿದು, ಚೀಲದೊಳಗೆ ಕೈ ಹಾಕಿ ತಂಪು ನೋಡಿ ಹೇಳುತ್ತಿದ್ದರು. ಈಗ ಮೀಟರು ಹೇಳುತ್ತದೆ.

ಒಂದು ಸುಗ್ಗಿಯಲ್ಲಿ ನಮ್ಮ ಕಡೆಯ ಅಜ್ಜ ಒಬ್ಬರು ನಾಲ್ಕು ದಿನ ಬಿಸಿಲಿಗೆ ಹಾಕಿದ ಜೋಳ ತಂದಿದ್ದರು. ವ್ಯಾಪಾರಿಯ ಮೀಟರು 17 ತೋರಿಸಿತು. ಅಜ್ಜ ಒಪ್ಪಲಿಲ್ಲ. ‘ಹಲ್ಲಾಗೆ ಕಡಿದ್ರೆ ಟಕ್ ಅಂತೈತಿ, ಇದು ಹ್ಯಾಂಗೆ ಹಸಿ ಆತು?’ ಎಂದು ಪಟ್ಟು ಹಿಡಿದರು. ವ್ಯಾಪಾರಿಯೂ ಕೆಟ್ಟವನಲ್ಲ. ಬೆಳಗಿನಿಂದ ಯಾರ ಜೋಳ ಹಾಕಿದರೂ 16ಕ್ಕಿಂತ ಕೆಳಗೆ ಇಳಿಯುತ್ತಿಲ್ಲ ಎಂದು ಅವನಿಗೂ ಅನುಮಾನ ಬಂದಿತ್ತು. ಮೀಟರು ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ಹಿಂದೆಯೇ ಅಜ್ಜ, ಅಜ್ಜನ ಹಿಂದೆ ಏಳನೇ ಕ್ಲಾಸಿನ ಮೊಮ್ಮಗಳು, ಅವಳ ಕೈಯಲ್ಲಿ ಒಂದು ಕವರಿನ ತುಂಬ ಅದೇ ಜೋಳ.

ಆ ಮೀಟರಿನ ಕೆಲಸ ಬಹಳ ಸರಳ. ಒಂದು ಬಟ್ಟಲಿಗೆ ಅಳತೆಯ ಕಾಳು ಹಾಕಿ ತಿರುಪು ತಿರುಗಿಸಿ ಒತ್ತುತ್ತಾರೆ. ಒತ್ತಿದ ಕಾಳಿನ ಒಂದು ಬದಿಗೆ ಬ್ಯಾಟರಿಯ ವೋಲ್ಟು, ಇನ್ನೊಂದು ಬದಿಯಲ್ಲಿ ಎಷ್ಟು ಕರೆಂಟು ದಾಟಿ ಬಂತು ಎಂದು ಅಳೆಯುವ ಚಿಪ್ಪು. ಹಸಿ ಕಾಳು ಹೆಚ್ಚು ಕರೆಂಟು ಬಿಡುತ್ತದೆ, ಒಣ ಕಾಳು ಬಹಳ ಕಡಿಮೆ. (ಬೇರೆ ವಿಧಾನದ ಮೀಟರುಗಳೂ ಇವೆ, ಅವುಗಳ ಮಾತು ಬೇರೆ.) ‘ಬಹಳ ಕಡಿಮೆ’ ಎಂದರೆ ಎಷ್ಟು ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವ ಕರೆಂಟು ಸುಮಾರು 0.04 ಆಂಪಿಯರ್. ಅದನ್ನು ಒಂದು ಕೋಟಿ ಪಾಲು ಮಾಡಿ. ಒಂದು ಪಾಲು ಎಂದರೆ 4 ನ್ಯಾನೋ ಆಂಪಿಯರ್. ಒಣ ಕಾಳಿನ ಲೆಕ್ಕ ನಡೆಯುವುದು ಇಂಥ ಪಾಲುಗಳಲ್ಲಿ.

ನಾನು ಬಟ್ಟಲು ಖಾಲಿ ಮಾಡಿ, ಬಟ್ಟೆಯಿಂದ ಒರೆಸಿ, ಗುಂಡಿ ಒತ್ತಿದೆ. ಕಾಳೇ ಇಲ್ಲದಿದ್ದರೆ ಈ ಮೀಟರು ಯಾವ ಅಂಕಿಯನ್ನೂ ತೋರಿಸಬಾರದು. ಅದು ತೋರಿಸಿತು. ಅಂದರೆ ಜೋಳವೇ ಇಲ್ಲದ ಕಡೆ ಜೋಳದ ತೇವ ಕಾಣುತ್ತಿತ್ತು. ಅಜ್ಜ ಮೊಮ್ಮಗಳ ಮುಖ ನೋಡಿದರು, ಮೊಮ್ಮಗಳು ವ್ಯಾಪಾರಿಯ ಮುಖ ನೋಡಿದಳು.

ನಾಲ್ಕು ಸ್ಕ್ರೂ ಬಿಚ್ಚಿ ನೋಡಿದರೆ ಬೋರ್ಡಿನ ಮೇಲೆ ಜೋಳದ ಸಣ್ಣ ಹಿಟ್ಟಿನಂಥ ಧೂಳು ಕೂತು, ತೇವ ಹೀರಿ, ಅಂಟಾಗಿತ್ತು. ಚಿಪ್ಪಿನ ಕಾಲುಗಳ ಸುತ್ತ ಹಿಂದೆ ಯಾರೋ ಬೆಸುಗೆ ಹಾಕಿದಾಗ ಉಳಿದ ಕಂದು ಪೇಸ್ಟು. ಅದರ ಮೇಲೆ ಹೆಬ್ಬೆರಳಿನ ಗುರುತು ಗೆರೆ ಗೆರೆಯಾಗಿ ಎದ್ದು ಕಾಣುತ್ತಿತ್ತು. ಬ್ಯಾಟರಿಯ ಧನ ಗೆರೆ ಒಂದು ಕಡೆ, ಕಾಳಿನಿಂದ ಬಂದ ಕರೆಂಟು ಅಳೆಯುವ ಕಾಲು ಇನ್ನೊಂದು ಕಡೆ, ನಡುವೆ ಈ ಕೊಳೆಯ ಸೇತುವೆ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಚೆನ್ನಾಗಿ ಒಣಗಿದ ಜೋಳದ ರೋಧ 100 ಕೋಟಿ ಓಮ್ ಎಂದುಕೊಳ್ಳಿ. ಕೊಳೆಯ ಸೇತುವೆಯ ರೋಧ 25 ಕೋಟಿ ಓಮ್. ಎರಡೂ ಸಮಾಂತರ ಹಾದಿಗಳು. ಎಂಟು, ಒಂಬತ್ತನೇ ಕ್ಲಾಸಿನವರು ಪೆನ್ಸಿಲು ತೆಗೆದುಕೊಳ್ಳಿ: ಒಟ್ಟು ರೋಧ 20 ಕೋಟಿ ಓಮ್ ಬರುತ್ತದೆ. ಐದರಲ್ಲಿ ಒಂದು ಪಾಲು! ಮೀಟರಿನ ಕಣ್ಣಿಗೆ ಒಣ ಜೋಳ ಹಸಿಯಾಗಿ ಕಾಣುತ್ತದೆ.

ಇನ್ನೊಬ್ಬರು ನಿಜವಾಗಿಯೂ ಹಸಿ ಜೋಳ ತಂದಿದ್ದಾರೆ, ಅದರ ರೋಧ 1 ಕೋಟಿ ಓಮ್ ಮಾತ್ರ ಎಂದುಕೊಳ್ಳಿ. ಅದೇ 25 ಕೋಟಿಯ ಕೊಳೆ ಜೊತೆಗೂಡಿದರೆ ಒಟ್ಟು 0.96 ಕೋಟಿ. ವ್ಯತ್ಯಾಸ ನೂರಕ್ಕೆ ನಾಲ್ಕು. ಗೊತ್ತೇ ಆಗದು. ನನಗೆ ಬಹಳ ಬೇಜಾರು ತರಿಸುವ ಸಂಗತಿ ಇದು. ಕೊಳಕು ಮೀಟರು ಎಲ್ಲರಿಗೂ ಒಂದೇ ಸಮನಾಗಿ ಮೋಸ ಮಾಡುವುದಿಲ್ಲ. ಹಸಿ ಜೋಳ ತಂದವನಿಗೆ ಏನೂ ನಷ್ಟವಿಲ್ಲ. ನಾಲ್ಕು ದಿನ ಕಣ ಕಾದು, ಮೋಡ ಕಂಡಾಗಲೆಲ್ಲ ತಾಡಪಾಲು ಎಳೆದು, ಕಾಳು ಟಕ್ ಅನ್ನುವ ಹಾಗೆ ಒಣಗಿಸಿದವನಿಗೇ ಪೆಟ್ಟು.

ಆ ದಿನ ಬೋರ್ಡು ತೊಳೆದು ಒಣಗಿಸಲು ಅರ್ಧ ದಿನ ಹಿಡಿಯಿತು. ಸಂಜೆ ಖಾಲಿ ಬಟ್ಟಲಿಗೆ ಅಂಕಿ ಬರಲಿಲ್ಲ. ಕವರಿನ ಜೋಳ ಹಾಕಿದಾಗ 14ರೊಳಗೇ ನಿಂತಿತು. ವ್ಯಾಪಾರಿ ಬೆಳಗಿನಿಂದ ಅಳೆದ ಚೀಲಗಳನ್ನೆಲ್ಲ ಮತ್ತೆ ಅಳೆಯಬೇಕಾಯಿತು. ಗೊಣಗಿದ, ಆದರೆ ಅಳೆದ. ಅಲ್ಲಿಂದ ಮುಂದೆ ನಮ್ಮ ಕಡೆಯ ಕೆಲವು ಅಜ್ಜಂದಿರು ಮೀಟರು ಕಂಡ ತಕ್ಷಣ, ‘ಮೊದ್ಲು ಖಾಲಿ ಬಟ್ಲು ತೋರ್ಸಪ್ಪ’ ಅನ್ನುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಹಾಲಿನ ಡೈರಿಯಲ್ಲಿ ತೂಕದ ಯಂತ್ರ ಸೊನ್ನೆಯಲ್ಲಿದೆಯೇ ಎಂದು ನೋಡುವುದಿಲ್ಲವೇ, ಹಾಗೆ.

ಕೊಳೆ ಎಂದರೆ ಏನು?

ಕಣ್ಣಿಗೆ ಕಾಣುವ ಧೂಳು ದೊಡ್ಡ ಶತ್ರುವಲ್ಲ. ಕಾಣದ ಉಪ್ಪು ಶತ್ರು. ನಮ್ಮ ಬೆವರಿನಲ್ಲಿ ಅಡುಗೆ ಉಪ್ಪೇ ಇದೆ. ಬೋರ್ಡಿನ ಮೇಲೆ ಬೆರಳಿಟ್ಟರೆ ಬೆವರು ಆರಿದ ಮೇಲೂ ಉಪ್ಪು ಉಳಿಯುತ್ತದೆ. ಅಡುಗೆ ಉಪ್ಪಿಗೆ ಒಂದು ಗುಣವಿದೆ: ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 75 ದಾಟಿದರೆ ಅದು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಆಷಾಢದಲ್ಲಿ ಅಜ್ಜಿಯ ಉಪ್ಪಿನ ಜಾಡಿ ನೀರು ಬಿಡುವುದು ಇದೇ ಕಾರಣಕ್ಕೆ. ಅಜ್ಜಿಯಂದಿರು ಜಾಡಿಯನ್ನು ಒಲೆಯ ಪಕ್ಕ ಇಡುತ್ತಿದ್ದರು. ಬೋರ್ಡಿನ ಮೇಲಿನ ಉಪ್ಪೂ ಮಳೆಗಾಲದಲ್ಲಿ ನೀರು ಬಿಡುತ್ತದೆ. ಉಪ್ಪುನೀರು ಕರೆಂಟಿನ ವಾಹಕ ಎಂದು ಆರನೇ ಕ್ಲಾಸಿನವರೂ ಬಲ್ಲರು.

ರೇಡಿಯೊ ಕೆಟ್ಟರೆ ಬಿಸಿಲಿಗಿಟ್ಟು ಸರಿಮಾಡಿದ ನೆನಪು ಅನೇಕ ಅಜ್ಜಂದಿರಿಗೆ ಇದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟವರೂ ಇದ್ದಾರೆ. ಆ ಉಪಾಯ ಸುಳ್ಳಲ್ಲ. ನೀರು ಆರಿದರೆ ಸೋರಿಕೆ ನಿಲ್ಲುತ್ತದೆ. ಆದರೆ ಉಪ್ಪು ಅಲ್ಲೇ ಕೂತಿರುತ್ತದೆ, ಮುಂದಿನ ಸೋನೆಗೆ ಮತ್ತೆ ಗೊರಗೊರ ಶುರು. ಆರಿಸುವುದಕ್ಕೂ ತೊಳೆಯುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಎರಡನೆಯದು ಬೆಸುಗೆಯ ಪೇಸ್ಟು. ಹಳೆಯ ಕಾಲದ ರಾಳ ಪೈನ್ ಮರದ ಅಂಟಿನಿಂದ ಬಂದದ್ದು. ತಣ್ಣಗಾದರೆ ಗಾಜಿನಂತೆ ಗಟ್ಟಿ, ಅಷ್ಟೇನೂ ಹಾನಿ ಮಾಡದು. ಆದರೆ ತುಕ್ಕು ತಿನ್ನಲು ಆಮ್ಲ ಬೆರೆಸಿದ ಪೇಸ್ಟುಗಳಿವೆ, ಅವು ಉಳಿದರೆ ಕೆಟ್ಟವು. ‘ತೊಳೆಯಬೇಕಿಲ್ಲ’ ಎಂದು ಬರೆದ ಪೇಸ್ಟೂ ಸಿಗುತ್ತದೆ. ಫ್ಯಾನಿನ ರೆಗ್ಯುಲೇಟರಿಗೆ, ದೀಪಕ್ಕೆ ಅದು ನಿಜ. ನ್ಯಾನೋ ಆಂಪಿಯರ್ ಅಳೆಯುವ ಬೋರ್ಡಿಗೆ ಆ ಮಾತು ನಂಬಬಾರದು.

ಮೂರನೆಯದು ಜೀವರಾಶಿ. ಹೊಲದ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿದರೆ ಇರುವೆ ಗೂಡು, ಹಲ್ಲಿಯ ಮೊಟ್ಟೆ, ಹಲ್ಲಿಯ ಹಿಕ್ಕೆ, ಒಮ್ಮೆ ಒಂದು ಕಪ್ಪೆ ಕುಟುಂಬ. ಮಳೆಗಾಲದಲ್ಲಿ ಬೆಚ್ಚಗಿನ ಮನೆ ಯಾರಿಗೆ ಬೇಡ?

ಇನ್ನೊಂದನ್ನು ಹೇಳಿದರೆ ಹಿರಿಯರು ಬೇಸರಿಸಬಾರದು. ಆಯುಧಪೂಜೆ ಆದ ವಾರ ನನ್ನ ಅಂಗಡಿಗೆ ಕುಂಕುಮ, ಅರಿಶಿನ, ವಿಭೂತಿ ಹೊತ್ತ ಯಂತ್ರಗಳು ಬರುತ್ತವೆ. ಪೂಜೆ ಮಾಡಲೇಬೇಕು, ನಾನೂ ಮಾಡುತ್ತೇನೆ. ಆದರೆ ಅರಿಶಿನಕ್ಕೆ ಸುಣ್ಣ ಸೇರಿಸಿ ಕೆಂಪು ಮಾಡಿದ್ದೇ ಕುಂಕುಮ. ಗಾಳಿ ಹೋಗುವ ಸೀಳಿನಲ್ಲಿ ಅದು ಉದುರಿದರೆ ಒಳಗೆ ಹೋಗಿ ಕೂರುತ್ತದೆ. ಹೊರಗಿನ ಪೆಟ್ಟಿಗೆಯ ಹಣೆಗೆ ಒಂದು ಬೊಟ್ಟು ಇಟ್ಟರೆ ದೇವರು ಬೇಡ ಅನ್ನುವುದಿಲ್ಲ.

ಕೊಳೆ, ತೇವ, ವೋಲ್ಟು ಮೂರೂ ಬಹಳ ದಿನ ಒಟ್ಟಿಗಿದ್ದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಬೆಸುಗೆಯ ತವರ, ಗೆರೆಯ ತಾಮ್ರ ಅಥವಾ ಬೆಳ್ಳಿ ಕರಗಿ, ಋಣ ಬದಿಯಿಂದ ಧನ ಬದಿಗೆ ಜರೀಗಿಡದ ಎಲೆಯಂತೆ ಕವಲು ಕವಲಾಗಿ ಬೆಳೆಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಬಲು ಚೆಂದ. ಅದು ಆ ಬದಿ ಮುಟ್ಟಿದ ದಿನ ಬೋರ್ಡು ಸತ್ತಿತು.

ತೊಳೆಯುವ ಬಗೆ

ನಾನು ಬಳಸುವುದು ಐಸೊಪ್ರೊಪೈಲ್ ಆಲ್ಕೋಹಾಲ್, ಅಂಗಡಿಯಲ್ಲಿ ಐಪಿಎ ಎಂದರೆ ಕೊಡುತ್ತಾರೆ. ಮೊದಲು ಬ್ಯಾಟರಿ ಬಿಚ್ಚಿ, ಒಣ ಬ್ರಷ್ಷಿನಿಂದ ಧೂಳು ತೆಗೆದು, ಆಮೇಲೆ ಐಪಿಎ ಹಚ್ಚಿ ಮೆದು ಬ್ರಷ್ಷಿನಲ್ಲಿ ಉಜ್ಜುತ್ತೇನೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ತೊಂದರೆಯೂ ಇಲ್ಲೇ. ಉಜ್ಜಿದಾಗ ಪೇಸ್ಟು ಕರಗಿತು, ಹೋಗಲಿಲ್ಲ. ಒಂದೆಡೆ ಮುದ್ದೆಯಾಗಿದ್ದದ್ದು ಬೋರ್ಡಿನ ತುಂಬ ತೆಳ್ಳಗೆ ಹರಡಿತು, ಅಷ್ಟೆ. ಸಾಬೂನು ಹಚ್ಚಿ ನೀರು ಹಾಕದೆ ಒಣಗಿಸಿದ ಪಾತ್ರೆಯಂತೆ. ಬೋರ್ಡನ್ನು ಓರೆ ಹಿಡಿದು, ಹೊಸ ಐಪಿಎ ಸುರಿದು, ಕೊಳೆ ಕೆಳಗೆ ಇಳಿದು ಹೋಗುವಂತೆ ಎರಡು ಮೂರು ಸಲ ಜಾಲಾಡಬೇಕು. ಉಪ್ಪು ಆಲ್ಕೋಹಾಲಿನಲ್ಲಿ ಸರಿಯಾಗಿ ಕರಗದು, ಅದಕ್ಕೆ ನೀರೇ ಬೇಕು. ಆದರೆ ನಲ್ಲಿಯ ನೀರಲ್ಲ, ಬೋರಿನ ನೀರಂತೂ ಅಲ್ಲವೇ ಅಲ್ಲ, ಅದರಲ್ಲಿರುವ ಲವಣವೇ ಬೋರ್ಡಿನ ಮೇಲೆ ಉಳಿಯುತ್ತದೆ. ಲವಣ ತೆಗೆದ ಶುದ್ಧ ನೀರು ಬಳಸಿ, ನೀರು ತಾಗಬಾರದ ಬಿಡಿಭಾಗಗಳನ್ನು ಮರೆಮಾಡಿ, ಕೊನೆಗೆ ಮತ್ತೊಮ್ಮೆ ಐಪಿಎ ಸುರಿದು ನೀರನ್ನು ಓಡಿಸಬೇಕು.

ಆಮೇಲೆ ಒಣಗಿಸುವುದು. ದೊಡ್ಡ ಕಾರ್ಖಾನೆಗಳಲ್ಲಿ ಒಲೆಗಳಿವೆ. ನನ್ನ ಬಳಿ 60 ವ್ಯಾಟಿನ ಹಳೆ ಬಲ್ಬು ಹಾಕಿದ ತಗಡಿನ ಡಬ್ಬ ಇದೆ, ಅದರಲ್ಲಿ ಎರಡು ಮೂರು ಗಂಟೆ. ಹೊರತೆಗೆದ ಮೇಲೆ ಅಂಚು ಹಿಡಿಯಬೇಕೇ ಹೊರತು ಮೈ ಮುಟ್ಟಬಾರದು. ಇಷ್ಟೆಲ್ಲ ಮಾಡಿ ‘ಆಯ್ತು ನೋಡ್ರಿ’ ಎಂದು ಹೆಬ್ಬೆರಳಲ್ಲಿ ಒತ್ತಿ ಕೊಟ್ಟರೆ ಬೆವರು ಮತ್ತೆ ಹಾಜರು. ಕೊನೆಗೆ ಬೇಕಾದರೆ ಮೇಲೊಂದು ಪಾರದರ್ಶಕ ಲ್ಯಾಕರ್ ಹೊಡೆಯಬಹುದು. ಬೋರ್ಡು ಪೂರ್ತಿ ಚೊಕ್ಕಟವಾದ ಮೇಲೆ ಮಾತ್ರ. ಕೊಳೆಯ ಮೇಲೆ ಲ್ಯಾಕರ್ ಹೊಡೆಯುವುದು ತೇವದ ಗೋಡೆಗೆ ಬಣ್ಣ ಬಳಿದ ಹಾಗೆ.

ಕೈಗೆ ಹಚ್ಚುವ ಸ್ಯಾನಿಟೈಸರ್ ಸುರಿದು ತೊಳೆದ ಬೋರ್ಡುಗಳೂ ನನ್ನಲ್ಲಿಗೆ ಬಂದಿವೆ, ಕೊರೋನಾ ಕಾಲದಲ್ಲಿ ಬಹಳ. ಅದರಲ್ಲೂ ಆಲ್ಕೋಹಾಲೇ ಇದೆಯಲ್ಲ ಎಂಬ ತರ್ಕ. ಇದೆ, ಜೊತೆಗೆ ಕೈ ಒಣಗದಿರಲೆಂದು ಗ್ಲಿಸರಿನ್ ಕೂಡ ಇರುತ್ತದೆ. ಗ್ಲಿಸರಿನ್ ಆರುವುದಿಲ್ಲ, ಗಾಳಿಯ ತೇವವನ್ನು ಕರೆದು ಕೂರಿಸಿಕೊಳ್ಳುತ್ತದೆ. ಸೀಮೆಎಣ್ಣೆ, ಪೆಟ್ರೋಲು ಹತ್ತಿರವೂ ತರಬೇಡಿ. ಐಪಿಎಗೂ ಬೆಂಕಿ ಬೇಗ ಹತ್ತುತ್ತದೆ, ಆದ್ದರಿಂದ ಕಿಟಕಿ ತೆರೆದು, ಒಲೆ, ದೀಪ, ಊದುಬತ್ತಿ ಇಲ್ಲದ ಕಡೆ ದೊಡ್ಡವರು ಮಾಡುವ ಕೆಲಸ ಇದು. ಡಬ್ಬದೊಳಗೆ ಇಡುವ ಮೊದಲು ಐಪಿಎ ಪೂರ್ತಿ ಆರಿರಬೇಕು. ಗೋಡೆಯ ಪ್ಲಗ್ಗಿಗೆ ಹಾಕುವ ಯಾವುದನ್ನೂ ಮಕ್ಕಳು ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಕೆಲವು ಕೆಪಾಸಿಟರುಗಳಲ್ಲಿ ವಿದ್ಯುತ್ತು ಅಡಗಿರುತ್ತದೆ.

ಸೋರಿಕೆಯ ಬೆನ್ನು ಹತ್ತಿದವರು

ನನ್ನಂಥ ರಿಪೇರಿಯವನಿಗೆ ಸೋರಿಕೆ ಒಂದು ಕಾಟ. ಆದರೆ ಇದೇ ಕಾಟದ ಬೆನ್ನು ಹತ್ತಿ ಆಕಾಶ ಮುಟ್ಟಿದವರಿದ್ದಾರೆ.

1785ರಲ್ಲೇ ಫ್ರಾನ್ಸಿನ ಕೂಲಂಬ್ ಗಮನಿಸಿದ್ದರು: ವಿದ್ಯುದಾವೇಶ ತುಂಬಿದ ಗೋಲವನ್ನು ಎಷ್ಟೇ ಜೋಪಾನವಾಗಿ ತೂಗುಹಾಕಿದರೂ ಆವೇಶ ಮೆಲ್ಲಗೆ ಕರಗುತ್ತದೆ. ತೂಗುಹಾಕಿದ ದಾರದ ಮೈಯಿಂದ ಸೋರುತ್ತಿದೆಯೋ, ಗಾಳಿಯಿಂದ ಹೋಗುತ್ತಿದೆಯೋ? ನೂರು ವರ್ಷ ಕಳೆದ ಮೇಲೂ ವಾದ ಮುಗಿದಿರಲಿಲ್ಲ. ಸುಮಾರು 1900ರಲ್ಲಿ ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್ ಒಂದು ಜಾಣ ಉಪಾಯ ಹೂಡಿದರು. ಚಿನ್ನದ ಹಾಳೆಯ ವಿದ್ಯುದ್ದರ್ಶಕವನ್ನು ಗಂಧಕದ ಒಂದು ಪುಟ್ಟ ಮಣಿಯಿಂದ ತೂಗುಹಾಕಿದರು, ಗಂಧಕ ಬಹಳ ಒಳ್ಳೆಯ ಅವಾಹಕ. ಅಷ್ಟಕ್ಕೇ ನಂಬದೆ, ಮಣಿಯ ಮೇಲಿನ ಆಧಾರವನ್ನೂ ಹಾಳೆಯಷ್ಟೇ, ಸ್ವಲ್ಪ ಹೆಚ್ಚೇ ಅನ್ನುವಷ್ಟು ವೋಲ್ಟಿನಲ್ಲಿ ಇಟ್ಟರು. ಈಗ ಮಣಿಯ ಮೇಲೆ ಏನಾದರೂ ಸೋರಿದರೆ ಹಾಳೆಗೆ ಆವೇಶ ಬರಬೇಕೇ ಹೊರತು ಹೋಗುವ ಹಾಗಿಲ್ಲ. ಆದರೂ ಹಾಳೆಯ ಆವೇಶ ಕರಗಿತು! ಕಳ್ಳ ಮಣಿಯಲ್ಲ, ಗಾಳಿ ಎಂದು ಖಾತ್ರಿಯಾಯಿತು. ರಾತ್ರಿ ಹೊತ್ತು ರೈಲ್ವೆ ಸುರಂಗಕ್ಕೂ ಆ ಉಪಕರಣ ಹೊತ್ತು ನೋಡಿದರು.

ಗಾಳಿಯಲ್ಲಿ ಹಾಗೆ ಮಾಡುತ್ತಿರುವುದು ಏನು ಎಂದು ಹುಡುಕುತ್ತ ವಿಕ್ಟರ್ ಹೆಸ್ 1912ರ ಆಗಸ್ಟ್ 7ರಂದು ಬಲೂನಿನಲ್ಲಿ 5,000 ಮೀಟರಿಗೂ ಮೇಲೆ ಏರಿದರು. ಮೇಲೆ ಹೋದಂತೆ ಸೋರಿಕೆ ಹೆಚ್ಚಿತು. ಆಕಾಶದಿಂದ ಏನೋ ಸುರಿಯುತ್ತಿದೆ ಎಂದಾಯಿತು. ಅದೇ ವಿಶ್ವಕಿರಣ. ಹೆಸ್‌ಗೆ 1936ರಲ್ಲಿ ನೊಬೆಲ್ ಬಂತು.

ಅದೇ ವಿಶ್ವಕಿರಣಗಳ ಬೆನ್ನು ಹತ್ತಿ ನಂಜನಗೂಡು ಸೀಮೆಯ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರದ ಗಣಿಯ ಆಳಕ್ಕೆ ಇಳಿದರು. ಹೌದು, ಶಿವನಸಮುದ್ರದ ಕರೆಂಟು ಹೋದ ಅದೇ ಗಣಿ. 1965ರಲ್ಲಿ ನೆಲದಡಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ಸಂಗಡಿಗರೊಂದಿಗೆ ಹಿಡಿದರು. ವಿಶ್ವಕಿರಣ ಓದಿದ ಇನ್ನೊಬ್ಬ ಕನ್ನಡಿಗ ಉಡುಪಿ ಕಡೆಯ ಯು.ಆರ್. ರಾವ್. ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಹಾರಿತು. ಇಂದು ಉಪಗ್ರಹ ಜೋಡಿಸುವವರು ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟಿರುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಯಂತ್ರದಿಂದ ಅವರಿಗೆ ಅಪಾಯವೆಂದಲ್ಲ, ಅವರ ಕೂದಲು, ಬೆವರು, ಚರ್ಮದ ಪುಡಿಯಿಂದ ಯಂತ್ರಕ್ಕೆ ಅಪಾಯ. ಮೇಲೆ ಹೋದ ಬೋರ್ಡನ್ನು ಬಿಚ್ಚಿ ಉಜ್ಜಲು ಯಾರು ಹೋಗುತ್ತಾರೆ?

ವಿಲ್ಸನ್ ಮಾಡಿದ ಉಪಾಯ ಇಂದಿಗೂ ಬೋರ್ಡಿನಲ್ಲಿದೆ, ಅದಕ್ಕೆ ಗಾರ್ಡ್ ರಿಂಗ್ ಎನ್ನುತ್ತಾರೆ. ಗದ್ದೆ ಕಂಡವರಿಗೆ ಇದು ಸುಲಭ. ಬದುವಿನಲ್ಲಿ ಏಡಿ ಬಿಲ ತೋಡಿದೆ ಎಂದುಕೊಳ್ಳಿ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಸೋರುತ್ತದೆ. ಎರಡೂ ಗದ್ದೆಯ ನೀರು ಒಂದೇ ಮಟ್ಟದಲ್ಲಿದ್ದರೆ? ಬಿಲ ಇದ್ದರೂ ನೀರು ಹರಿಯದು. ಬೋರ್ಡಿನ ಸೂಕ್ಷ್ಮ ಕಾಲಿನ ಸುತ್ತ ತಾಮ್ರದ ಒಂದು ಬಳೆ ಬರೆದು, ಆ ಬಳೆಯನ್ನು ಕಾಲಿನಷ್ಟೇ ವೋಲ್ಟಿನಲ್ಲಿ ಇಡುತ್ತಾರೆ. ದೂರದಿಂದ ಬರುವ ಸೋರಿಕೆ ಬಳೆಯಲ್ಲೇ ಸಿಕ್ಕಿಬೀಳುತ್ತದೆ, ಬಳೆಯಿಂದ ಕಾಲಿಗೆ ಮಟ್ಟವೇ ಸಮ. ಒಳ್ಳೆಯ ಉಪಕರಣಗಳಲ್ಲಿ ಈ ಬಳೆ ಇದೆ. ಅಜ್ಜನ ಜೋಳ ಅಳೆದ ಮೀಟರಿನಲ್ಲಿ ಇರಲಿಲ್ಲ.

ಅಡಿಕೆ ತೋಟದವರಿಗೆ ಒಂದು ಮಾತು ಬಾಕಿ ಇದೆ. ಮಣ್ಣಿನ ಹುಳಿ ಅಳೆಯುವ ಪಿಎಚ್ ಮೀಟರಿನ ಗಾಜಿನ ಕಡ್ಡಿಯ ರೋಧ ಸುಮಾರು 10 ಕೋಟಿ ಓಮ್ ಇರುತ್ತದೆ. ಪಿಎಚ್ 7ರಲ್ಲಿ ಅದು ಕೊಡುವ ವೋಲ್ಟು ಸೊನ್ನೆ, ಅಲ್ಲಿಂದ ಒಂದೊಂದು ಅಂಕಿಗೆ ಸುಮಾರು 59 ಮಿಲಿವೋಲ್ಟು. ಪಿಎಚ್ 5 ಇರುವ ಹುಳಿ ಮಣ್ಣಿಗೆ 118 ಮಿಲಿವೋಲ್ಟು ಬರಬೇಕು. ಕಡ್ಡಿ ಸಿಕ್ಕಿಸುವ ಜಾಗದಲ್ಲಿ ಕೊಳೆ ಕೂತು ಅಲ್ಲೂ 10 ಕೋಟಿ ಓಮಿನ ಸೋರಿಕೆ ಇದ್ದರೆ ಅರ್ಧ ಅಲ್ಲೇ ಹೋಯಿತು. ಉಳಿದ 59ನ್ನು ಮೀಟರು ಪಿಎಚ್ 6 ಎಂದು ಓದುತ್ತದೆ. ‘ಸುಣ್ಣ ಬೇಕಿಲ್ಲ’ ಎಂಬ ಚೀಟಿ ಕೈಗೆ ಬರುತ್ತದೆ, ಮರಗಳು ಹಳದಿಯಾಗಿ ನಿಲ್ಲುತ್ತವೆ. ಅದಕ್ಕೇ ಒಳ್ಳೆಯ ಪ್ರಯೋಗಾಲಯದಲ್ಲಿ ಮಣ್ಣು ಅಳೆಯುವ ಮೊದಲು ಪಿಎಚ್ 4 ಮತ್ತು 7ರ ಗೊತ್ತಿರುವ ದ್ರಾವಣಗಳಲ್ಲಿ ಕಡ್ಡಿ ಅದ್ದಿ ನೋಡುತ್ತಾರೆ. 4ರ ದ್ರಾವಣಕ್ಕೆ ಐದೂವರೆ ಅಂದರೆ ಮೀಟರಿನಲ್ಲೇ ಐಬು. ಮಣ್ಣು ಕೊಡಲು ಹೋದಾಗ ಇದನ್ನು ನೋಡಲು ಬಿಡಿ ಎಂದು ಕೇಳಬಹುದು, ತಪ್ಪಿಲ್ಲ.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಮಕ್ಕಳು ಹಿರಿಯರ ಜೊತೆ ಕೂತು ಇದನ್ನು ಮಾಡಿ. ಒಂದು ಗಾಜಿನ ಚೂರು, ಅಂಚು ಮೊಂಡಾಗಿರಲಿ. ಸಾಬೂನಿನಲ್ಲಿ ತೊಳೆದು, ಶುದ್ಧ ನೀರಲ್ಲಿ ಜಾಲಾಡಿ, ಬಿಸಿಲಲ್ಲಿ ಒಣಗಿಸಿ. ಮೀಟರನ್ನು ರೋಧ ಅಳೆಯುವ ಅತಿ ದೊಡ್ಡ ಮಟ್ಟಕ್ಕೆ ತಿರುಗಿಸಿ, ಎರಡು ಕಡ್ಡಿಗಳನ್ನು ಗಾಜಿನ ಮೇಲೆ ಒಂದು ಮಿಲಿಮೀಟರ್ ದೂರದಲ್ಲಿ ಇಡಿ. ಏನೂ ಬರದು. ಈಗ ಒಂದು ಚಿಟಿಕೆ ಉಪ್ಪು ಕರಗಿಸಿದ ನೀರನ್ನು ಅದರ ಮೇಲೆ ತೆಳ್ಳಗೆ ಸವರಿ ಮತ್ತೆ ಒಣಗಿಸಿ. ಚಳಿಗಾಲದ ಒಣ ಮಧ್ಯಾಹ್ನವಾದರೆ ಈಗಲೂ ಏನೂ ಬರದು. ಕಡ್ಡಿಗಳನ್ನು ಅಲ್ಲೇ ಇಟ್ಟು, ಗಾಜಿನ ಮೇಲೆ ಬಾಯಿಂದ ‘ಹಾ’ ಎಂದು ಉಸಿರು ಬಿಡಿ. ಅಂಕಿಗಳು ಓಡಾಡತೊಡಗುತ್ತವೆ, ಉಸಿರು ಆರಿದ ಹಾಗೆ ಮತ್ತೆ ಮಾಯವಾಗುತ್ತವೆ. ಆಷಾಢದಲ್ಲಿ ನಮ್ಮೂರಿನಲ್ಲಿ ಈ ಪ್ರಯೋಗ ಮಾಡಿದರೆ ಉಸಿರು ಬಿಡುವ ಕೆಲಸವೂ ಇಲ್ಲ.